ಬಂದಾ ರೂಪಾಯಿಯ ಬೆಳ್ಳಿ

ಸಂತೆಯಿಂದ ಮರಳಿದ ಗೃಹಸ್ಥನು ಜೇಬಿನ ಚಿಲ್ಲರೆಯನ್ನೆಲ್ಲ ಚಾಪೆಯ ಮೇಲೆ ಸುರಿದು ಬೆಳ್ಳಿಗಾಗಿ ಎಷ್ಟು ಹುಡುಕಿದರೂ ಇಂದು ಫಲವಿಲ್ಲ. ಕೈಯಿಂದ ಕೈಗೆ ಸಾಗುವ ನಾಣ್ಯಗಳನ್ನು ಬೆಳ್ಳಿಯು ತೊರೆದು ಮುಕ್ಕಾಲು ಶತಮಾನ ಮೀರಿತು. ಆದರೆ ಬೀಳಗಿ ತಾಲೂಕಿನ ಬಾಡಗಂಡಿಯಂತಹ ಊರುಗಳ ಹಳೆಯ ಮನೆಗಳಲ್ಲಿ, ದೇವರ ಜಗುಲಿಯ ಮೇಲೋ ಅಜ್ಜಿಯ ಟ್ರಂಕಿನ ತಳದಲ್ಲೋ, ಲಕ್ಷ್ಮೀಪೂಜೆಗೆಂದು ತೆಗೆದಿರಿಸಿದ ಬಂದಾ ರೂಪಾಯಿಗಳು ಇನ್ನೂ ದೊರೆಯುವುದುಂಟು. ಹುಡುಕಬೇಕಾದುದು ಅಲ್ಲಿ.

ರೂಪಾಯಿಯೆಂದರೆ ಒಂದು ತೊಲೆ, ಅಂದರೆ 180 ಗ್ರೇನು ತೂಕ. ರಾಣಿ ವಿಕ್ಟೋರಿಯಾ ಛಾಪಿನಿಂದ ಹಿಡಿದು 1939ರ ಆರನೆಯ ಜಾರ್ಜನ ಛಾಪಿನವರೆಗೆ ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಮಹಾಯುದ್ಧದ ಭೀತಿಯಿಂದ ಜನರು ನೋಟುಗಳನ್ನು ಕೊಟ್ಟು ಬೆಳ್ಳಿಯನ್ನು ಕೂಡಿಡತೊಡಗಲು, ಸರಕಾರವು ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಉಳಿದುದಕ್ಕೆ ತಾಮ್ರ, ನಿಕಲ್, ಸತುಗಳನ್ನು ಬೆರೆಸಿತು. ಅರಸನ ಮುಖ ಅದೇ, ತೂಕವೂ ಅದೇ. ಬಳಿಕ 1941ರಿಂದ 1943ರೊಳಗೆ ಹಳೆಯ ರೂಪಾಯಿಗಳ ಚಲಾವಣೆಯನ್ನು ಒಂದೊಂದಾಗಿ ರದ್ದುಪಡಿಸಲಾಯಿತು. ಯುದ್ಧಕಾಲದಲ್ಲಿ ಅಮೆರಿಕವು 22 ಕೋಟಿ ಔನ್ಸಿಗೂ ಮಿಕ್ಕ ಬೆಳ್ಳಿಯನ್ನು ಭಾರತಕ್ಕೆ ಸಾಲವಾಗಿ ಕೊಟ್ಟಿತ್ತು. ಅದನ್ನು ಬೆಳ್ಳಿಯಾಗಿಯೇ ತೀರಿಸಬೇಕಾಗಿತ್ತು. ಆದುದರಿಂದ 1947ರ ರೂಪಾಯಿ, ಬೆನ್ನ ಮೇಲೆ ಹುಲಿಯನ್ನು ಹೊತ್ತು, ಬರಿಯ ನಿಕಲ್ಲಿನದಾಗಿ ಹೊರಬಂದಿತು. ಅಯಸ್ಕಾಂತವನ್ನು ಹಿಡಿದರೆ ಅದು ಅಂಟಿಕೊಳ್ಳುತ್ತದೆ, ಬೆಳ್ಳಿಯದು ಅಂಟದು.

ಮಗಳ ಮದುವೆಗೆ ಗೆಜ್ಜೆ, ಕಾಲುಂಗುರ ಮಾಡಿಸಬೇಕಾದಾಗ ಈ ರೂಪಾಯಿಗಳು ಪತ್ತಾರರ ಅಂಗಡಿಗೆ ಹೊರಡುತ್ತವೆ. ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು ತೂಗಿಸುವ ಮನೆಯವರು ನಷ್ಟಕ್ಕೆ ಗುರಿಯಾಗುವುದು ಇಲ್ಲಿಯೇ. 1938ರ ರೂಪಾಯಿಯಲ್ಲಿ 165 ಗ್ರೇನು ಬೆಳ್ಳಿ. 1941ರದರಲ್ಲಿ 90 ಮಾತ್ರ. ತಕ್ಕಡಿಯು ಈ ಭೇದವನ್ನು ಹೇಳದು, ಇಸವಿ ಹೇಳುತ್ತದೆ. ಅಂಗಡಿಗೆ ಒಯ್ಯುವ ಮುನ್ನ ಮನೆಯಲ್ಲಿಯೇ ಇಸವಿ ನೋಡಿ ಎರಡು ಗಂಟು ಕಟ್ಟಿದರೆ ಸಾಕು. 1939ರದೊಂದು ಸಿಕ್ಕಿದರಂತೂ ಮೂಸೆಗೆ ಹಾಕಲೇಬಾರದು: ಅದು ಬಹು ವಿರಳ, ಸಂಗ್ರಾಹಕರು ಅದರ ಬೆಳ್ಳಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ ಕೊಡುತ್ತಾರೆ. ನಕಲಿಗಳು ಹುಟ್ಟಿಕೊಂಡಿರುವುದೂ ಇದರಿಂದಲೇ. ಬಲ್ಲವರಿಗೆ ತೋರಿಸುವುದು ಲೇಸು.

ಟಂಕಸಾಲೆಯ ತಪ್ಪುಗಳಿಗೂ ಬೆಲೆಯುಂಟು. ಅವುಗಳಲ್ಲಿ ಸ್ವಾರಸ್ಯವಾದುದು 1911ರ ರೂಪಾಯಿ. ಐದನೆಯ ಜಾರ್ಜನ ನಿಲುವಂಗಿಯ ಮೇಲೆ ಪದಕದ ಆನೆಯೊಂದುಂಟು. ಕೆತ್ತಿದವನ ಕೈ ಎಡವಿತೋ ಏನೋ, ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು! ಗುಲ್ಲೆದ್ದಿತು. ಸರಕಾರವು ಕೈಯಲ್ಲಿದ್ದ ರೂಪಾಯಿಗಳನ್ನು ಹೊರಬಿಡದೆ ತಡೆದು, 1912ರಲ್ಲಿ ಆನೆಯನ್ನು ಆನೆಯಾಗುವಂತೆ ತಿದ್ದಿತು. ಹೊರಬಿದ್ದಿದ್ದವು ಇಂದಿಗೂ ‘ಹಂದಿ ರೂಪಾಯಿ’ ಎಂದೇ ಪ್ರಸಿದ್ಧ.

ಇಂದಿನ ಚಿಲ್ಲರೆಯಲ್ಲಿಯೂ ಮುದ್ರೆ ಪಕ್ಕಕ್ಕೆ ಸರಿದ, ಒಂದೇ ಮಗ್ಗುಲು ಅಚ್ಚಾದ ನಾಣ್ಯಗಳು ಅಪರೂಪಕ್ಕೆ ಕೈಗೆ ಬರುತ್ತವೆ. ಅವನ್ನು ತೆಗೆದಿರಿಸುವುದು ಒಳ್ಳೆಯ ಹವ್ಯಾಸವೇ. ಆದರೆ ಸಾಧಾರಣ ಐದು ರೂಪಾಯಿಯ ನಾಣ್ಯಕ್ಕೆ ಲಕ್ಷ ಕೊಡುವೆವೆಂದು ಫೋನಿನಲ್ಲಿ ಆಸೆ ತೋರಿಸಿ, ಮೊದಲು ತೆರಿಗೆ, ಕಮಿಷನ್ ಎಂದು ಹಣ ಕೀಳುವವರೂ ಇದ್ದಾರೆ. ಇಂಥವರು ತನ್ನ ಹೆಸರನ್ನೇ ಬಳಸುತ್ತಿರುವುದನ್ನು ಕಂಡು ರಿಸರ್ವ್ ಬ್ಯಾಂಕು 1921ರ ಮಾತಲ್ಲ, 2021ರ ಆಗಸ್ಟಿನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿತು: ಹಳೆಯ ನಾಣ್ಯ, ನೋಟುಗಳ ಇಂತಹ ವ್ಯಾಪಾರವನ್ನು ಅದು ಮಾಡುವುದಿಲ್ಲ, ಅದಕ್ಕಾಗಿ ಯಾರಿಂದಲೂ ಶುಲ್ಕ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ.