ಕಪಟಕ್ಕೆ ತಕ್ಕ ಹೆಸರು

ಕಳ್ಳನು ಕತ್ತಲೆಯಲ್ಲಿ ಬರುವನು. ವಂಚಕನಾದರೋ ಹಗಲಿನಲ್ಲಿಯೇ, ನಗುಮೊಗದಿಂದ, ಮುಂಬಾಗಿಲಿನಿಂದಲೇ ಬರುವನು. ಕಳ್ಳನನ್ನು ತಡೆಯುವುದಕ್ಕೆ ಅಗುಳಿಯು ಸಾಕು. ವಂಚಕನನ್ನು ತಡೆಯುವುದಕ್ಕೆ ವಿವೇಕವು ಬೇಕು. ಆ ವಿವೇಕಕ್ಕೆ ಮೊದಲನೆಯ ಸಾಧನವು ಅವನ ಕೃತ್ಯವನ್ನು ಸರಿಯಾದ ಹೆಸರಿನಿಂದ ಗುರುತಿಸುವುದೇ ಆಗಿದೆ. ಆದಕಾರಣ ನಮ್ಮ ಹೆಣ್ಣುಮಕ್ಕಳಿಗೆ ಗಣಿತ, ಭೂಗೋಳ, ವ್ಯಾಕರಣಗಳನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಕಪಟದ ನಾನಾ ಬಗೆಗಳ ಹೆಸರುಗಳನ್ನೂ ಕಲಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಷಯದಲ್ಲಿ ಕನ್ನಡವು ಬಡ ಭಾಷೆಯಲ್ಲ. ಬಾಸೆಲ್ ಮಿಶನಿನ ಫರ್ಡಿನೆಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟನ್ನು ತೆರೆದು ನೋಡುವವರಿಗೆ ಮೋಸ, ವಂಚನೆ, ಕಪಟ, ಠಕ್ಕು ಮೊದಲಾದ ಶಬ್ದಗಳ ಒಂದು ದೊಡ್ಡ ಪರಿವಾರವೇ ಕಾಣಸಿಗುವುದು. ಇವೆಲ್ಲವೂ ಒಂದೇ ಅರ್ಥದವೆಂದು ತಿಳಿಯಬಾರದು. ನಂಬಿಸಿ ಪರರ ಸೊತ್ತನ್ನು ಅಪಹರಿಸುವುದು ವಂಚನೆ. ಒಳಗೊಂದು ಹೊರಗೊಂದು ಇರುವುದು ಕಪಟ. ತನ್ನಲ್ಲಿಲ್ಲದ ಭಕ್ತಿಯನ್ನೋ ಸದ್ಗುಣವನ್ನೋ ಮೆರೆಸುವುದು ಬೂಟಾಟಿಕೆ. ಕಾರ್ಯಸಾಧನೆಗಾಗಿ ಎದುರಿಗೆ ಹೊಗಳುವುದು ಮುಖಸ್ತುತಿ. ಒಬ್ಬರ ಮೇಲೆ ಇನ್ನೊಬ್ಬರ ಮನಸ್ಸನ್ನು ಕೆಡಿಸುವುದು ಚಾಡಿ. ಆ ಚಾಡಿಯನ್ನು ವಿಚಾರಿಸದೆ ನಂಬುವವರದು ಹಿತ್ತಾಳೆ ಕಿವಿ. ಹೇಳಿದವರನ್ನು ಮಾತ್ರವಲ್ಲದೆ ಕೇಳಿದವರನ್ನೂ ನಮ್ಮ ಹಿರಿಯರು ತಪ್ಪಿತಸ್ಥರನ್ನಾಗಿ ಎಣಿಸಿದರೆಂಬುದನ್ನು ಇಲ್ಲಿ ಗಮನಿಸಬೇಕು.

ಕೆಲವು ಹೆಸರುಗಳು ಕಥೆಗಳಿಂದ ಬಂದುವು. ಶಿಷ್ಯನ ವೇಷದಿಂದ ಗುರುವಿನ ನಂಬಿಕೆಯನ್ನು ಗಳಿಸಿ, ಅವನ ಹಣವನ್ನೆಲ್ಲ ಕದ್ದು ಓಡಿದ ಪಂಚತಂತ್ರದ ಆಷಾಢಭೂತಿಯು ಇಂದಿಗೂ ಬೂಟಾಟಿಕೆಯವರಿಗೆಲ್ಲ ತನ್ನ ಹೆಸರನ್ನು ದಾನಮಾಡಿರುವನು. ಇನ್ನು ಕೆಲವು ನ್ಯಾಯಾಲಯದಿಂದ ಬಂದುವು. 1860ರ ಭಾರತೀಯ ದಂಡಸಂಹಿತೆಯ 420ನೆಯ ಕಲಮು ಮೋಸಗಾರನಿಗೆ ಬಿರುದಾಗಿ ಪರಿಣಮಿಸಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯು ಜಾರಿಗೆ ಬಂದು, ಆ ಅಪರಾಧವು 318ನೆಯ ಕಲಮಿಗೆ ಸೇರಿದೆ. ಕಲಮು ಬದಲಾಯಿತು, ಜನರ ಬಾಯಲ್ಲಿ ಬಿರುದು ಮಾತ್ರ ಬದಲಾಗಲಿಲ್ಲ.

ಇಷ್ಟು ಸಂಪತ್ತಿದ್ದರೂ, ಮನೆಯೊಳಗೆ ನಡೆಯುವ ಒಂದು ಬಗೆಯ ಕಪಟಕ್ಕೆ ನಾವು ಹೆಸರನ್ನು ಬಳಸುವುದೇ ಇಲ್ಲ. ನಡೆದುದನ್ನು ನಡೆಯಲಿಲ್ಲವೆಂದು ಸಾಧಿಸುವುದು. ಆಡಿದ ಮಾತನ್ನು ಆಡಲಿಲ್ಲವೆನ್ನುವುದು. ಕೇಳಿದವಳಿಗೆ, “ನಿನಗೇ ಮರೆವು, ನಿನ್ನ ಬುದ್ಧಿಯೇ ಸರಿಯಿಲ್ಲ” ಎಂದು ದಿನವೂ ಹೇಳಿ, ಕೊನೆಗೆ ಅವಳು ತನ್ನ ಕಣ್ಣು ಕಿವಿಗಳನ್ನೇ ನಂಬದಂತೆ ಮಾಡುವುದು. ಆಂಗ್ಲ ನಾಟಕಕಾರ ಪ್ಯಾಟ್ರಿಕ್ ಹ್ಯಾಮಿಲ್ಟನನು 1938ರಲ್ಲಿ ‘ಗ್ಯಾಸ್ ಲೈಟ್’ ಎಂಬ ನಾಟಕದಲ್ಲಿ ಇಂತಹ ಗಂಡನೊಬ್ಬನನ್ನು ಚಿತ್ರಿಸಿದನು. ಮನೆಯ ಅನಿಲದೀಪವು ಮಂದವಾಗುವುದನ್ನು ಹೆಂಡತಿಯು ಕಾಣುವಳು. ಗಂಡನೋ ಅವಳಿಗೆ ಹುಚ್ಚು ಹಿಡಿಯುತ್ತಿದೆಯೆಂದು ಅವಳನ್ನೇ ನಂಬಿಸಲೆಳಸುವನು. ಈ ಕಥೆಯು 1940ರಲ್ಲಿಯೂ 1944ರಲ್ಲಿಯೂ ಚಲನಚಿತ್ರವಾಯಿತು. ಅದರಿಂದ ಹುಟ್ಟಿದ ‘ಗ್ಯಾಸ್‌ಲೈಟಿಂಗ್’ ಎಂಬ ಮಾತನ್ನು ಅಮೇರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು 2022ರ ವರ್ಷದ ಶಬ್ದವೆಂದು ಆರಿಸಿದರು. ನಮ್ಮಲ್ಲಿ ‘ಮಂಕುಬೂದಿ ಎರಚುವುದು’ ಎಂಬ ಸೊಗಸಾದ ಮಾತಿದೆ. ಅದನ್ನು ಸಂತೆಯ ಠಕ್ಕನಿಗೆ ಮಾತ್ರ ಮೀಸಲಿಡದೆ, ಮನೆಯ ಈ ಕೃತ್ಯಕ್ಕೂ ಧೈರ್ಯವಾಗಿ ಉಪಯೋಗಿಸಬಾರದೇಕೆ? ಹೆಸರಿಲ್ಲದ ನೋವನ್ನು ಹೆಣ್ಣು ತನ್ನದೇ ದೋಷವೆಂದು ಭಾವಿಸುವಳು. ಹೆಸರು ದೊರೆತೊಡನೆ ಅದು ಇನ್ನೊಬ್ಬರ ಕೃತ್ಯವೆಂದು ತಿಳಿಯುವಳು.

ಇದಕ್ಕಿಂತಲೂ ಅಪಾಯಕರವಾದುದು ಕೆಟ್ಟ ಕೆಲಸಕ್ಕೆ ಒಳ್ಳೆಯ ಹೆಸರನ್ನಿಡುವುದು. 1961ರ ಕಾನೂನು ವರದಕ್ಷಿಣೆಯನ್ನು ನಿಷೇಧಿಸಿತು. ಕೇಳದೆ ಕೊಟ್ಟ ಉಡುಗೊರೆಗಳಿಗೆ ಮಾತ್ರ, ಅವುಗಳ ಪಟ್ಟಿಯನ್ನಿಡಬೇಕೆಂಬ ನಿಯಮದೊಡನೆ, ಅದರಲ್ಲಿ ಅವಕಾಶವಿದೆ. ಅಂದಿನಿಂದ ಕೇಳಿ ಪಡೆದುದಕ್ಕೂ ‘ಉಡುಗೊರೆ’, ‘ವರೋಪಚಾರ’, ‘ನಿಮ್ಮ ಮಗಳಿಗೆ ನೀವು ಪ್ರೀತಿಯಿಂದ ಕೊಡುವುದು’ ಎಂಬ ಹೆಸರುಗಳು ಬಂದುವು. ವಸ್ತುವು ಅದೇ, ಒತ್ತಾಯವೂ ಅದೇ. ಹೆಸರು ಮಾತ್ರ ಬೇರೆ. ಪೋಷಕ ಮಹಾಶಯರೇ, ವರನ ಕಡೆಯವರ ಬಾಯಿಂದ ಈ ಸಿಹಿಮಾತುಗಳು ಬಂದಾಗ ನೀವು ಅವುಗಳನ್ನು ಒಪ್ಪಿಕೊಂಡರೆ, ಕಪಟದ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತಾಗುವುದು. ಮಗಳ ಎದುರಿನಲ್ಲಿಯೇ ಅದನ್ನು ‘ವರದಕ್ಷಿಣೆ’ ಎಂದು ಕರೆಯಿರಿ. ಆ ಒಂದು ಶಬ್ದದಿಂದ ಅವಳಿಗೆ ದೊರೆಯುವ ಶಿಕ್ಷಣವು ಅನೇಕ ಉಪದೇಶಗಳಿಂದಲೂ ದೊರೆಯಲಾರದು.

ಹೀಗೆಂದ ಮಾತ್ರಕ್ಕೆ, ಕಂಡಕಂಡವರ ಮೇಲೆ ಈ ಶಬ್ದಗಳನ್ನು ಕಲ್ಲಿನಂತೆ ಎಸೆಯಬೇಕೆಂದು ಅರ್ಥವಲ್ಲ. ನಿಜವಾಗಿ ಮರೆತವನು ಮಂಕುಬೂದಿ ಎರಚಿದವನಲ್ಲ, ಭಿನ್ನಾಭಿಪ್ರಾಯವು ವಂಚನೆಯಲ್ಲ, ಮಿತಭಾಷಿಯು ಕಪಟಿಯಲ್ಲ. ಬುದ್ಧಿವಂತೆಯಾದ ಹೆಣ್ಣನ್ನು ‘ಮಾಯಗಾತಿ’ ಎಂದು ಹಳಿಯುವುದೂ, ಅದೇ ಬುದ್ಧಿಯುಳ್ಳ ಗಂಡಸನ್ನು ‘ವ್ಯವಹಾರಚತುರ’ ಎಂದು ಹೊಗಳುವುದೂ ನಮ್ಮ ಸಮಾಜದಲ್ಲಿ ಅಪರೂಪವೇನಲ್ಲ. ಆದಕಾರಣ ಒಂದು ನಿಯಮವನ್ನು ಸೂಚಿಸುವೆನು: ಹೆಸರನ್ನು ಮನುಷ್ಯನಿಗಿಡದೆ ಕೃತ್ಯಕ್ಕೆ ಇಡಬೇಕು. “ನೀನು ಸುಳ್ಳುಗಾರ” ಎಂದರೆ ಜಗಳವು ಮಾತ್ರ ಬೆಳೆಯುವುದು. “ಈ ಮಾತು ಸುಳ್ಳು” ಎಂದರೆ ಆಡಿದವನು ಅದನ್ನು ಸಮರ್ಥಿಸಬೇಕಾಗುವುದು, ಇಲ್ಲವೆ ಹಿಂತೆಗೆದುಕೊಳ್ಳಬೇಕಾಗುವುದು. ತಿದ್ದಿಕೊಳ್ಳುವುದಕ್ಕೆ ದಾರಿಯೂ ಉಳಿಯುವುದು.

ಪೂರ್ವವಿದ್ಯಾರ್ಥಿನಿಯರಾದ ಭಗಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು. “ದೊಡ್ಡವರ ವಿಷಯದಲ್ಲಿ ಹಾಗೆನ್ನಬಾರದು” ಎಂದು ಮಕ್ಕಳ ಬಾಯಿ ಮುಚ್ಚಿಸುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಮಾತಿನಲ್ಲಿ ವಿನಯವನ್ನು ಅವಶ್ಯವಾಗಿ ಕಲಿಸಿರಿ. ಆದರೆ ಮಗುವು ಬಂದು, “ಅವರು ಹೇಳಿದ್ದೊಂದು, ಮಾಡಿದ್ದೊಂದು” ಎಂದಾಗ ಗದರಿಸದೆ ಪೂರ್ತಿಯಾಗಿ ಕೇಳಿರಿ. ಕೇಳಿ, ವಿಚಾರಿಸಿ, ಆ ಕೃತ್ಯದ ಹೆಸರೇನೆಂಬುದನ್ನು ಅವಳಿಗೆ ತಿಳಿಸಿರಿ. ತನ್ನ ಕಣ್ಣು ಕಂಡುದನ್ನು ನಂಬುವ ಧೈರ್ಯವೂ, ಅದನ್ನು ನಯವಾಗಿ ನುಡಿಯುವ ಭಾಷೆಯೂ ಉಳ್ಳ ಹುಡುಗಿಯನ್ನು ಮರುಳುಗೊಳಿಸುವುದು ಯಾವ ಆಷಾಢಭೂತಿಗೂ ಸುಲಭವಾಗಲಾರದು.