ಗೌಡರ ವೆಬ್ಲಿ, ನಮ್ಮಪ್ಪನ ಚೀಟಿ

ಪೋಸ್ಟು ಉದ್ದ ಇದೆ, ಪುರುಸೊತ್ತಾದಾಗ ಓದಿ. ಆದರೆ ಅರ್ಧ ಓದಿ ಕಾಮೆಂಟ್ ಹಾಕಬೇಡಿ, ಯಾಕಂದ್ರೆ ನಾನು "ಎಲ್ಲರೂ ಬಂದೂಕು ಹಿಡೀರಿ" ಅಂತ ಹೇಳೋಕೆ ಬಂದಿಲ್ಲ.

ಆಯುಧಪೂಜೆ ರಜೆ ಮುಗಿಸಿ ಆಫೀಸಿಗೆ ಹೋದ ದಿನ ನಮ್ಮ ಸೆಕ್ಷನ್ನಿನ ಸಹೋದ್ಯೋಗಿಯೊಬ್ಬರು ಮೊಬೈಲ್ ತೆಗೆದು ಫೋಟೋ ತೋರಿಸಿದರು. ಮಣೆ ಮೇಲೆ ಕೆಂಪು ವಸ್ತ್ರ, ಅದರ ಮೇಲೆ ಒಂದು ರಿವಾಲ್ವರು, ಅದಕ್ಕೆ ಅರಿಶಿನ ಕುಂಕುಮ, ಮೇಲೊಂದು ಚೆಂಡುಹೂವು. "ವೆಬ್ಲಿ ಅಂಡ್ ಸ್ಕಾಟ್ ಕಣ್ರೀ, ಬರ್ಮಿಂಗ್‌ಹ್ಯಾಮ್ ಮಾಲು, ನಮ್ಮ ತಾತಂದು" ಅಂದರು. ಆಮೇಲೆ ಕಾಲು ಗಂಟೆ ಅದರದ್ದೇ ಪುರಾಣ. ಮೇಲಿಂದ ಬಾಗಿಸಿದರೆ ಖಾಲಿ ತೋಟಾ ಎಲ್ಲಾ ಒಂದೇ ಸಲ ಹೊರಗೆ ಬೀಳ್ತವಂತೆ. ಇಷ್ಟು ವರ್ಷ ಆದರೂ ತುಕ್ಕು ಅಂದ್ರೆ ಏನು ಅಂತ ಅದಕ್ಕೆ ಗೊತ್ತಿಲ್ಲವಂತೆ. ಅವರ ಭಾವಮೈದುನನ ಹತ್ರ ಇರೋ ಸರ್ಕಾರಿ ಕಾರ್ಖಾನೆ ರಿವಾಲ್ವರಿನ ಟ್ರಿಗರ್ ಎಳೆಯೋಕೆ ಬೆರಳು ನೋಯುತ್ತೆ, ಇದು ಬೆಣ್ಣೆ. 80ರ ದಶಕದಲ್ಲಿ ಖಾಸಗಿಯವರು ಹೊರಗಿಂದ ಬಂದೂಕು ತರಿಸೋದು ನಿಂತ ಮೇಲೆ ಇಂಥ ಹಳೇ ಮಾಲಿಗೆ ಈಗ ಲಕ್ಷಗಟ್ಟಲೆ ಬೆಲೆ.

ಕಷ್ಟವನ್ನೂ ಹೇಳಿಕೊಂಡರು. ಲೈಸೆನ್ಸು ನವೀಕರಣಕ್ಕೆ ಅಲೆಸ್ತಾರೆ, ಗುಂಡಿಗೆ ದುಡ್ಡು ಜಾಸ್ತಿ, ಎಲ್ಲಕ್ಕಿಂತ ದೊಡ್ಡ ರಗಳೆ ಅಂದ್ರೆ ಎಲೆಕ್ಷನ್ ಬಂತು ಅಂದ್ರೆ ಸಾಕು, ಸ್ಟೇಷನ್ನಿಗೆ ತಗೊಂಡೋಗಿ ಒಪ್ಪಿಸಬೇಕು. "ನಾವೇನು ರೌಡಿಗಳಾ?" ಅಂತ ಬೇಜಾರು. (ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.)

ಕೊನೆಗೆ ಕೇಳಿದರು, "ನಿಮ್ಮ ಕಡೆ ಯಾರಿಗಾದ್ರೂ ಇದೆಯಾ?"

"ನಮ್ಮಪ್ಪ ಹಿಡಿದಿದ್ರು, ಇದೇ ಕಂಪನೀದು" ಅಂದೆ. ಅವರ ಮುಖ ನೋಡಬೇಕಿತ್ತು.

ನಮ್ಮಪ್ಪ ಊರಿನ ಪಟೇಲರ ಮನೆ ಆಳು. ಪಟೇಲರದ್ದೂ ವೆಬ್ಲಿಯೇ. ಲೈಸೆನ್ಸು ನವೀಕರಣಕ್ಕೋ ರಿಪೇರಿಗೋ ಪೇಟೆಗೆ ಹೋಗಬೇಕಾದಾಗ ಕಚೇರಿ ಮುಂದೆ ಕಾಯೋದು ಪಟೇಲರಿಗೆ ಮರ್ಯಾದೆಗೆ ಕಮ್ಮಿ. ಅದಕ್ಕೆ ಒಂದು ಚೀಟಿ ಬರೆದು ರುಜು ಹಾಕಿ ಅಪ್ಪನ ಕೈಗೆ ಕೊಡೋರು. ರಿವಾಲ್ವರು ಟವೆಲಲ್ಲಿ ಸುತ್ತಿ ಚೀಲಕ್ಕೆ, ಚೀಟಿ ಮಡಚಿ ಅಂಗಿ ಜೇಬಿಗೆ. ಪೊಲೀಸರು ಹಿಡಿದರೆ ಗುಂಡಲ್ಲ ಕಾಪಾಡೋದು, ಚೀಟಿ. ಇದು ಕಳ್ಳ ವ್ಯವಹಾರ ಅಂದ್ಕೋಬೇಡಿ. 1959ರ ಆಯುಧ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ: ಲೈಸೆನ್ಸುದಾರನ ಲಿಖಿತ ಅನುಮತಿ ಇದ್ದರೆ ಲೈಸೆನ್ಸು ಇಲ್ಲದವನೂ ರಿಪೇರಿಗೆ, ನವೀಕರಣಕ್ಕೆ ಆಯುಧ ಒಯ್ಯಬಹುದು. ಕಾನೂನು ನಮ್ಮಪ್ಪನಿಗೆ ಒಂದು ಜಾಗ ಕೊಟ್ಟಿತ್ತು ನೋಡಿ, ಹೊರೋನ ಜಾಗ.

ವಾಪಸು ತಂದು ಜಗಲಿ ಮೇಲೆ ಇಟ್ಟರೆ ಪಟೇಲರ ತಾಯಿ ಒಂದು ಚೊಂಬು ನೀರು ತಂದು ಅದರ ಮೇಲೆ ಚಿಮುಕಿಸಿ ಆಮೇಲೆ ಒಳಗೆ ಒಯ್ಯೋರು. ದಿನವಿಡೀ ಅದಕ್ಕೆ ಎಣ್ಣೆ ಹಚ್ಚಿ ಒರೆಸಿದ ಕೈ ನಮ್ಮಪ್ಪಂದು. ಇದನ್ನ ಅಪ್ಪ ನಗ್ತಾ ಹೇಳೋರು. ನನಗೆ ಇವತ್ತಿಗೂ ನಗು ಬರಲ್ಲ.

ಸಹೋದ್ಯೋಗಿಗೆ ಇಷ್ಟು ಹೇಳಿದೆ. "ಅದೆಲ್ಲಾ ಆ ಕಾಲ ಬಿಡ್ರಿ, ಈಗ ಯಾರು ಅರ್ಜಿ ಹಾಕಿದ್ರೂ ಸಿಗುತ್ತೆ" ಅಂದರು. ಈ ಪೋಸ್ಟು ಆ ಮಾತಿಗೆ ಉತ್ತರ.

ಮೊದಲು ಈ ವೆಬ್ಲಿ ನಮ್ಮ ಹಳ್ಳಿಗಳಿಗೆ ಹೇಗೆ ಬಂತು ನೋಡಿ. 1887ರಿಂದ ಬ್ರಿಟಿಷ್ ಸೈನ್ಯದ ಅಧಿಕಾರಿಗಳ ಸೊಂಟದಲ್ಲಿದ್ದದ್ದು ಇದೇ ಕಂಪನಿಯ ರಿವಾಲ್ವರು. 1878ರ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸು ಕಡ್ಡಾಯ ಮಾಡಿತು, ಯುರೋಪಿಯನ್ನರಿಗೆ ವಿನಾಯಿತಿ ಇಟ್ಟಿತು. ಲೈಸೆನ್ಸು ಯಾರಿಗೆ ಸಿಗ್ತಿತ್ತು? ಸರ್ಕಾರಕ್ಕೆ ಬೇಕಾದವರಿಗೆ. ಕಂದಾಯ ವಸೂಲಿ ಮಾಡಿ ಕೊಡೋರಿಗೆ, ಊರು ಹಿಡಿತದಲ್ಲಿ ಇಟ್ಟುಕೊಂಡೋರಿಗೆ. ಹಾಗಾಗಿ "ನಮ್ಮ ತಾತಂದು" ಅನ್ನೋ ಮಾತಲ್ಲಿ ಬರೀ ತಾತ ಇಲ್ಲ, ತಾತನ ಜಮೀನೂ ಜಾತಿಯೂ ಇದೆ. ಲೈಸೆನ್ಸು ತಾತನಿಂದ ಮಗನಿಗೆ, ಮೊಮ್ಮಗನಿಗೆ ಇಳೀತಾ ಬಂತು, ಪಹಣಿ ಇಳಿದ ಹಾಗೆ.

1918ರಲ್ಲಿ ಗಾಂಧೀಜಿ, ಇಡೀ ದೇಶವನ್ನ ನಿರಾಯುಧ ಮಾಡಿದ ಈ ಕಾಯ್ದೆಯನ್ನು ಬ್ರಿಟಿಷರ ಅತಿ ಕರಾಳ ಕೆಲಸ ಅಂತ ಬರೆದರು. ಸರಿ ಸ್ವಾಮಿ. ಆದರೆ ನಮ್ಮನ್ನ ನಿರಾಯುಧ ಮಾಡಿದ್ದು ಯಾವ ಇಸವಿಯ ಕಾಯ್ದೆ? ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಎತ್ತಿದ್ದು ಇದೇ ಪ್ರಶ್ನೆ. ಈ ದೇಶದಲ್ಲಿ ಸಾಮಾಜಿಕ ಕ್ರಾಂತಿ ಯಾಕೆ ಆಗಲಿಲ್ಲ ಅಂದ್ರೆ, ಚಾತುರ್ವರ್ಣ್ಯ ಕೆಳಗಿನವರ ಕೈಯಿಂದ ಆಯುಧವನ್ನೂ ಅಕ್ಷರವನ್ನೂ ಎರಡನ್ನೂ ಕಿತ್ತುಕೊಂಡಿತ್ತು ಅಂತ. ಅವರಿಗೆ ಇದು ಪುಸ್ತಕದ ಮಾತಲ್ಲ. ಅವರ ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್. 1818ರ ಕೋರೆಗಾಂವದಲ್ಲಿ ಹೋರಾಡಿದ ಮಹಾರರನ್ನ 1890ರ ದಶಕದಲ್ಲಿ ಬ್ರಿಟಿಷರೇ ಸೈನ್ಯಕ್ಕೆ ಸೇರಿಸಿಕೊಳ್ಳೋದು ನಿಲ್ಲಿಸಿದರು. ಮತ್ತೆ ಬಾಗಿಲು ಸರಿಯಾಗಿ ತೆರೆದದ್ದು ಅಂಬೇಡ್ಕರ್ ವೈಸರಾಯ್ ಅವರ ರಕ್ಷಣಾ ಸಲಹಾ ಸಮಿತಿಗೆ ಹೋದ ವರ್ಷ. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ, 1941ರ ಅಕ್ಟೋಬರಲ್ಲಿ. ನಮ್ಮ ಎಷ್ಟು ಹುಡುಗರಿಗೆ ಇದು ಗೊತ್ತು?

ಈಗ ಬನ್ನಿ "ಯಾರು ಅರ್ಜಿ ಹಾಕಿದ್ರೂ ಸಿಗುತ್ತೆ" ಅನ್ನೋ ಮಾತಿಗೆ. ಕಾಗದದಲ್ಲಿ ನಿಜ. ಆಯುಧ ಕಾಯ್ದೆಯ 14ನೇ ಸೆಕ್ಷನ್ ಓದಿ: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸಬಾರದು ಅಂತ ಸ್ಪಷ್ಟವಾಗಿದೆ. ಆದರೆ ನಮ್ಮ ಕಡೆ ಹಳ್ಳಿಗಳಲ್ಲಿ ಲೈಸೆನ್ಸು ಕೊಡೋ ಕಾರಣಗಳು ಎರಡು, ಬೆಳೆ ರಕ್ಷಣೆ ಮತ್ತು ಆತ್ಮರಕ್ಷಣೆ. ಬೆಳೆ ರಕ್ಷಣೆಗೆ ಬೆಳೆ ಬೇಕು, ಬೆಳೆಗೆ ಜಮೀನು ಬೇಕು. ಜಮೀನಿಲ್ಲದವನಿಗೆ ಆ ಬಾಗಿಲು ಅಲ್ಲೇ ಮುಚ್ಚಿತು. ಇನ್ನು ಆತ್ಮರಕ್ಷಣೆ. ಅದಕ್ಕೆ ಹತ್ತಿರದ ಠಾಣೆಯ ವರದಿ ಬೇಕು. ಅಟ್ರಾಸಿಟಿ ದೂರು ಕೊಡೋಕೆ ಹೋದರೆ "ಊರಲ್ಲೇ ರಾಜಿ ಮಾಡ್ಕಳ್ರಪ್ಪಾ" ಅನ್ನೋ ಠಾಣೆ ನಿಮಗೆ ಜೀವಭಯ ಇದೆ ಅಂತ ವರದಿ ಬರೀತದಾ?

ದುಡ್ಡಿನ ಮಾತು ಬೇರೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಅಂತ ಒಂದು ಹಗುರ ರಿವಾಲ್ವರು ಮಾಡಿತು, ಹೆಂಗಸರಿಗಾಗಿ ಅಂತ. ದೆಹಲಿಯ ನಿರ್ಭಯಾ ನೆನಪಲ್ಲಿ ಹೆಸರು. ತೂಕ ಅರ್ಧ ಕೇಜಿ, ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಖೈರ್ಲಾಂಜಿಯ ಸುರೇಖಾ ಭೋತಮಾಂಗೆ ಎಷ್ಟು ವರ್ಷ ಕೂಲಿ ಮಾಡಿದ್ದರೆ 1.22 ಲಕ್ಷ ಉಳೀತಿತ್ತು? ವೆಬ್ಲಿ ಕಂಪನಿಯೂ ಈಗ ಇಲ್ಲಿಗೇ ಬಂದಿದೆ, ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ 2020ರಿಂದ ರಿವಾಲ್ವರು ತಯಾರಾಗ್ತಿದೆ. ಬೆಲೆ ಅದೂ ಲಕ್ಷದ ಮೇಲೆ. ಆ ರಾಜ್ಯವನ್ನೇ ಯಾಕೆ ಆರಿಸಿಕೊಂಡರು ಅಂತ ಊಹಿಸೋದು ಕಷ್ಟ ಅಲ್ಲ. ಕೇಂದ್ರ ಗೃಹ ಇಲಾಖೆ ಲೆಕ್ಕದಲ್ಲಿ 2016ರ ಕೊನೆಗೆ ದೇಶದಲ್ಲಿದ್ದ ಸುಮಾರು 33.69 ಲಕ್ಷ ಲೈಸೆನ್ಸುಗಳಲ್ಲಿ 12.77 ಲಕ್ಷ ಉತ್ತರ ಪ್ರದೇಶ ಒಂದರಲ್ಲೇ ಇದ್ದವು.

ಈಗ ಅಸಲು ವಿಷಯ.

ದೌರ್ಜನ್ಯ ತಡೆ ಕಾಯ್ದೆ 1989ರದ್ದು, ಎಲ್ಲರಿಗೂ ಗೊತ್ತು. ಅದರ 1995ರ ನಿಯಮಗಳನ್ನ ನಮ್ಮ ಕಾರ್ಯಕರ್ತರೂ ಪೂರ್ತಿ ಓದಿಲ್ಲ. ಪರಿಹಾರದ ಪಟ್ಟಿ ಮಾತ್ರ ಓದ್ತೀವಿ, ಯಾಕಂದ್ರೆ ನಾವು ಹೋಗೋದೇ ಹೆಣ ಬಿದ್ದ ಮೇಲೆ. ಹೆಣ ಬೀಳೋಕೆ ಮುಂಚೆ ಸರ್ಕಾರ ಏನು ಮಾಡಬೇಕು ಅಂತ 3ನೇ ನಿಯಮ ಹೇಳುತ್ತೆ. ದೌರ್ಜನ್ಯ ಆಗಬಹುದಾದ ಪ್ರದೇಶ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿ ಎಸ್‌ಸಿ, ಎಸ್‌ಟಿ ಅಲ್ಲದವರ ಬಂದೂಕು ಲೈಸೆನ್ಸು ರದ್ದು ಮಾಡಬೇಕು. ಅವರದ್ದು ಮಾತ್ರ ಅಲ್ಲ, ಅವರ ಹತ್ತಿರದ ನೆಂಟರು, ಆಳುಗಳು, ಕುಟುಂಬದ ಗೆಳೆಯರದ್ದೂ. ಆ ಆಯುಧ ಸರ್ಕಾರಿ ಶಸ್ತ್ರಾಗಾರಕ್ಕೆ ಹೋಗಬೇಕು. ಅಕ್ರಮ ಬಂದೂಕು ಜಪ್ತಿ ಮಾಡಬೇಕು. ಅದಾದ ಮೇಲಿನ ಸಾಲಲ್ಲಿ, ಜೀವ ಮತ್ತು ಆಸ್ತಿ ರಕ್ಷಣೆಗೆ ಅಗತ್ಯ ಕಂಡರೆ ಎಸ್‌ಸಿ, ಎಸ್‌ಟಿಗಳಿಗೆ ಆಯುಧ ಲೈಸೆನ್ಸು ಕೊಡಬೇಕು ಅಂತಲೂ ಇದೆ. ಮತ್ತೆ ಹೇಳ್ತೀನಿ, ಇದು ಯಾವುದೋ ಸಂಘಟನೆಯ ಬೇಡಿಕೆ ಪಟ್ಟಿ ಅಲ್ಲ, ಭಾರತ ಸರ್ಕಾರದ ನಿಯಮ. ಮೂವತ್ತು ವರ್ಷದಿಂದ ಇದೆ.

ಈ ನಿಯಮ ಬಂದ ಎರಡೂವರೆ ವರ್ಷಕ್ಕೆ, 1997ರ ಡಿಸೆಂಬರ್ 1ರ ರಾತ್ರಿ, ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ ರಣವೀರ ಸೇನೆಯವರು 58 ಜನರನ್ನ ಗುಂಡಿಟ್ಟು ಕೊಂದರು. 2013ರಲ್ಲಿ ಪಾಟ್ನಾ ಹೈಕೋರ್ಟು 26 ಆರೋಪಿಗಳನ್ನೂ ಬಿಡುಗಡೆ ಮಾಡಿತು. ಆ ಸೀಮೆಯಲ್ಲಿ ಯಾರ ಮನೇಲಿ ಬಂದೂಕಿದೆ ಅಂತ ಜಿಲ್ಲಾಡಳಿತಕ್ಕೆ ಗೊತ್ತಿರಲಿಲ್ಲವಾ? ನಮ್ಮಲ್ಲಿ ಬಂದೂಕೂ ಬೇಕಾಗಲಿಲ್ಲ. 2000ದ ಮಾರ್ಚ್ 11ಕ್ಕೆ ಕಂಬಾಲಪಲ್ಲಿಯಲ್ಲಿ ಏಳು ಜನರಿಗೆ ಬೆಂಕಿ ಸಾಕಾಯ್ತು.

ನನ್ನ ಅನುಭವಕ್ಕೆ ಬರ್ತೀನಿ. ಕೆಲವು ವರ್ಷದ ಹಿಂದೆ ಪಕ್ಕದ ಹೋಬಳಿಯ ಒಬ್ಬ ಹೆಣ್ಣುಮಗಳು ನಮ್ಮ ಸಮಿತಿ ಹತ್ರ ಬಂದಳು. ಅವಳ ಮಾವನಿಗೆ ಮಂಜೂರಾಗಿದ್ದ ಜಮೀನು, ಪಿಟಿಸಿಎಲ್ ಕೇಸು, ಆದೇಶ ಇವಳ ಕಡೆ ಆಗಿತ್ತು. ಎದುರು ಪಾರ್ಟಿ ಹೊಲದ ಬದು ಮೇಲೆ ಬಂದು ಬಂದೂಕು ಹೆಗಲಿಗೆ ಹಾಕ್ಕೊಂಡು ನಿಂತ್ಕೊಳ್ಳೋನು. ಹೊಡೆಯಲಿಲ್ಲ, ಬೈಯಲಿಲ್ಲ, ಬರೀ ನಿಂತ್ಕೊಳ್ಳೋನು. ಕೂಲಿಗೆ ಕರೆದ ಹೆಂಗಸರು ಒಬ್ಬೊಬ್ಬರೇ ಬರೋದು ಬಿಟ್ಟರು. ಇದಕ್ಕೆ ಯಾವ ಸೆಕ್ಷನ್ ಹಾಕ್ತೀರಿ ಹೇಳಿ.

ನಾವು ಅವಳಿಗೆ ಲೈಸೆನ್ಸು ಕೇಳಲಿಲ್ಲ. 3ನೇ ನಿಯಮ ಹಾಕಿ, ಎದುರು ಪಾರ್ಟಿಯ ಆಯುಧ ಠಾಣೆಗೆ ಇಡಿಸಿ ಅಂತ ಅರ್ಜಿ ಕೊಟ್ಟೆವು. ಎಂಟು ತಿಂಗಳಿಗೆ ಹಿಂಬರಹ ಬಂತು. ನಾನು ಇಪ್ಪತ್ತು ವರ್ಷ ಇಂಥ ಹಿಂಬರಹ ಟೈಪ್ ಮಾಡ್ತಾ ಬಂದ ಗುಮಾಸ್ತ, ಮೊದಲ ಸಾಲಲ್ಲೇ ಕೊನೇ ಸಾಲು ಗೊತ್ತಾಗುತ್ತೆ. ಸದರಿ ಗ್ರಾಮವು ಗುರುತಿಸಲ್ಪಟ್ಟ ಪ್ರದೇಶವಾಗಿರುವುದಿಲ್ಲ, ಎದುರುದಾರರು ಬೆಳೆ ರಕ್ಷಣೆ ಸಲುವಾಗಿ ಪರವಾನಗಿ ಹೊಂದಿರುತ್ತಾರೆ, ಆದ್ದರಿಂದ ಅರ್ಜಿಯನ್ನು ವಿಲೇ ಇಡಲಾಗಿದೆ. ಗುರುತಿಸಬೇಕಾದವರು ಯಾರು? ಅದೇ ಆಡಳಿತ. ಗುರುತಿಸದೇ ಇದ್ದದ್ದು ಅವರ ತಪ್ಪು, ಅದನ್ನೇ ನಮಗೆ ಉತ್ತರ ಮಾಡಿ ಕಳಿಸಿದರು. ಅವಳ ಹೊಲ ಎರಡು ಮಳೆಗಾಲ ಬೀಳು ಬಿತ್ತು.

ಆ ಎಂಟು ತಿಂಗಳನ್ನ, ನಮ್ಮ ಸಹೋದ್ಯೋಗಿಯ ಎಲೆಕ್ಷನ್ ಬೇಜಾರಿನ ಪಕ್ಕ ಇಟ್ಟು ನೋಡಿ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ನೀತಿಸಂಹಿತೆ ಜಾರಿಯಾದ ಕೆಲವೇ ದಿನಕ್ಕೆ ಡಿಸಿ ಆದೇಶ, ಊರೂರಿನ ಬಂದೂಕು ಠಾಣೆ ಸೇರಿದವು. ವೆಬ್ಲಿಯೂ ಹೋಯ್ತು, ಒಂಟಿ ನಳಿಗೆ ಕೋವಿಯೂ ಹೋಯ್ತು. ಯಾರೂ ಸಾಯಲಿಲ್ಲ, ಯಾರ ಬೆಳೆಯನ್ನೂ ಹಂದಿ ಪೂರ್ತಿ ತಿಂದು ಹಾಕಲಿಲ್ಲ. ಅಂದ್ರೆ ಆಡಳಿತಕ್ಕೆ ಇದು ಬರುತ್ತೆ. ವೋಟಿನ ಪೆಟ್ಟಿಗೆಗೆ ಭಯ ಇದೆ ಅಂದ್ರೆ ಒಂದು ವಾರ ಸಾಕು. ಹೊಲಗೇರಿಗೆ ಭಯ ಇದೆ ಅಂದ್ರೆ ಎಂಟು ತಿಂಗಳು ಆದಮೇಲೆ "ವಿಲೇ".

ಇನ್ನು ನಮ್ಮವರಿಗೆ ಎರಡು ಮಾತು, ಬೇಜಾರಾದರೂ ಪರವಾಗಿಲ್ಲ. ನೀಲಿ ಶಾಲು ಹಾಕ್ಕೊಂಡು ಪಿಸ್ತೂಲು ಹಿಡಿದು ರೀಲ್ಸ್ ಮಾಡೋ ತಮ್ಮಂದಿರೇ, ಅದು ಪಟೇಲರ ಮನೆ ಜಗಲಿಯಿಂದ ಎತ್ತಿಕೊಂಡು ಬಂದ ಗತ್ತು, ಬಾಬಾಸಾಹೇಬರ ಹತ್ರ ಕಲಿತದ್ದಲ್ಲ. ಗನ್‌ಮ್ಯಾನ್ ಬೇಕು ಅಂತ ಗೃಹಮಂತ್ರಿ ಮನೆ ಮುಂದೆ ನಿಲ್ಲೋ ಮುಖಂಡರಿಗೂ ಇದೇ ಮಾತು. ಐದನೇ ಅಂಶದ ಲೈಸೆನ್ಸು ನಮ್ಮ ಹಕ್ಕು, ಜೀವಕ್ಕೆ ನಿಜವಾಗ್ಲೂ ಅಪಾಯ ಇರೋರು ಕೇಳಲಿ, ನಿರಾಕರಿಸಿದರೆ ಕಾರಣ ಬರಹದಲ್ಲಿ ಪಡೆದು ಮೇಲ್ಮನವಿಗೆ ಹೋಗಲಿ, ನಾನೇ ಅರ್ಜಿ ಬರೆದುಕೊಡ್ತೀನಿ. ಆದರೆ ಸಾಲ ಮಾಡಿ ಒಂದು ರಿವಾಲ್ವರು ತಂದ ಕೂಲಿಯವನ ಎದುರು ಹತ್ತು ಬಂದೂಕಿನ ಬೀದಿ ಇದ್ದರೆ ಏನಾಗುತ್ತೆ, ಮೊದಲ ಕೇಸು ಯಾರ ಮೇಲೆ ಬೀಳುತ್ತೆ, ನಿಮಗೂ ಗೊತ್ತು. ನಿಯಮದಲ್ಲಿ ಅವರ ಆಯುಧ ಇಳಿಸೋ ಮಾತು ಮೂರನೇದು, ನಮಗೆ ಕೊಡೋ ಮಾತು ಐದನೇದು. ನಾನೂ ಅದೇ ಕ್ರಮದಲ್ಲಿ ಕೇಳ್ತೀನಿ.

ಸೋಮವಾರ ನಮ್ಮ ಜಿಲ್ಲೆಗೆ ಆರ್‌ಟಿಐ ಹಾಕ್ತಿದೀನಿ. ಯಾರ ಹೆಸರೂ ಬೇಡ, ಸಂಖ್ಯೆ ಮಾತ್ರ. ಒಟ್ಟು ಲೈಸೆನ್ಸು ಎಷ್ಟು, ಬೆಳೆ ರಕ್ಷಣೆಗೆ ಎಷ್ಟು, ಆತ್ಮರಕ್ಷಣೆಗೆ ಎಷ್ಟು, ಅದರಲ್ಲಿ ಎಸ್‌ಸಿ, ಎಸ್‌ಟಿ ಎಷ್ಟು. 1995ರಿಂದ 3ನೇ ನಿಯಮದಡಿ ಗುರುತಿಸಿದ ಊರು ಯಾವುವು, ರದ್ದು ಮಾಡಿದ ಲೈಸೆನ್ಸು ಎಷ್ಟು. "ಮಾಹಿತಿ ಲಭ್ಯವಿಲ್ಲ" ಅಂತ ಬಂದರೆ ಆ ಕಾಗದವೂ ಬೇಕು, ಡಿಸಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಸಭೆಯಲ್ಲಿ ಅದನ್ನೇ ಮೇಜಿನ ಮೇಲೆ ಇಡೋಣ. ಆ ಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ನಿಮ್ಮ ಜಿಲ್ಲೇಲಿ ಕೊನೇ ಸಲ ಯಾವಾಗ ಸೇರಿತ್ತು ಅಂತ ಅದನ್ನೂ ಕೇಳಿ. ಅರ್ಜಿ ನಮೂನೆ ಬೇಕಾದವರು ನಿಮ್ಮ ಜಿಲ್ಲೆ ಹೆಸರು ಕಾಮೆಂಟಲ್ಲಿ ಹಾಕಿ, ರಾತ್ರಿ ಊಟ ಆದಮೇಲೆ ಕೂತು ಕಳಿಸ್ತೀನಿ.

ಅಪ್ಪ ತೀರಿಕೊಂಡಾಗ ಅವರ ಟ್ರಂಕಲ್ಲಿ ಒಂದು ಚೀಟಿ ಸಿಕ್ಕಿತ್ತು, ಪಟೇಲರ ರುಜು ಇರೋದು, ಮಡಿಕೆ ಹತ್ರ ಹರಿದಿದೆ. ಅದರಲ್ಲಿ ರಿವಾಲ್ವರಿನ ನಂಬರ್ ಸರಿಯಾಗಿ ಬರೆದಿದೆ. ಅಪ್ಪನ ಹೆಸರಿಲ್ಲ, "ನಮ್ಮ ಆಳು" ಅಂತಿದೆ.

ಜೈಭೀಮ್.