ಆಂಪ್ಲಿಫೈಯರ್ ಸಾಗಿಸುವಾಗ ಟ್ಯೂಬ್ ಕಳಚಿಡಬೇಕೇ?

‘ಗಾಡಿಗೆ ಹಾಕುವ ಮೊದಲು ಆಂಪ್ಲಿಫೈಯರ್‌ನ ಟ್ಯೂಬ್‌ಗಳನ್ನು ಕಳಚಿಡಿ, ಇಲ್ಲದಿದ್ದರೆ ಕುಲುಕಾಟಕ್ಕೆ ಬೇಗ ಹಾಳಾಗುತ್ತವೆ.’ ಗಿಟಾರ್ ನುಡಿಸುವವರು ಆಗಾಗ ಕೇಳುವ ಸಲಹೆ ಇದು. ನಿಜವೇ? ಸ್ವಲ್ಪ ಮಟ್ಟಿಗೆ ಮಾತ್ರ.

ಟ್ಯೂಬ್ ಸವೆಯುವುದು ಹೇಗೆ?

ಹಳೆಯ ವಾಲ್ವ್ ರೇಡಿಯೋ ಸ್ವಿಚ್ ಹಾಕಿದ ಮೇಲೆ ದನಿ ಬರಲು ಸ್ವಲ್ಪ ಹೊತ್ತು ಕಾಯಬೇಕಿತ್ತು. ಆ ವಾಲ್ವ್ ಮತ್ತು ಈ ಟ್ಯೂಬ್ ಒಂದೇ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಹೀಟರ್ ಕ್ಯಾಥೋಡ್ ಅನ್ನು ಕಾಯಿಸಬೇಕು, ಆಗ ಎಲೆಕ್ಟ್ರಾನ್‌ಗಳು ಹೊರಬೀಳುತ್ತವೆ. ಬಳಸಿದಷ್ಟೂ ಕ್ಯಾಥೋಡ್ ಮೇಲಿನ ಆಕ್ಸೈಡ್ ಲೇಪದ ಶಕ್ತಿ ಕುಂದುತ್ತದೆ. ಟ್ಯೂಬಿನ ಆಯಸ್ಸನ್ನು ಮುಖ್ಯವಾಗಿ ತೀರ್ಮಾನಿಸುವುದು ಉರಿದ ಗಂಟೆಗಳು, ಓಡಿದ ಕಿಲೋಮೀಟರ್‌ಗಳಲ್ಲ.

ಅದು ಅಷ್ಟು ನಾಜೂಕೇ?

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಫಿರಂಗಿ ಗುಂಡುಗಳ ಪ್ರಾಕ್ಸಿಮಿಟಿ ಫ್ಯೂಸ್‌ನಲ್ಲಿ ಪುಟ್ಟ ಟ್ಯೂಬ್‌ಗಳನ್ನು ಬಳಸಿತ್ತು. ಗುಂಡು ಹಾರುವಾಗ ಗುರುತ್ವಬಲದ ಸುಮಾರು 20,000 ಪಟ್ಟು ಹೊಡೆತವನ್ನು ಅವು ತಡೆದುಕೊಂಡವು. ಅವು ವಿಶೇಷವಾಗಿ ತಯಾರಿಸಿದವು, ನಿಜ. ಆದರೆ ಸ್ಪೀಕರ್ ಮತ್ತು ಟ್ಯೂಬ್ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೋ ಆಂಪ್ಲಿಫೈಯರ್‌ನಲ್ಲಿ ಸಾಮಾನ್ಯ ಟ್ಯೂಬ್‌ಗಳೂ ಸ್ಪೀಕರಿನ ಅದುರಾಟವನ್ನು ಗಂಟೆಗಟ್ಟಲೆ ಸಹಿಸುತ್ತವೆ.

ಹಾನಿ ಆಗುವುದು ಯಾವಾಗ?

ಪೆಟ್ಟಿಗೆ ಕೆಳಗೆ ಬಿದ್ದರೆ ಗಾಜು ಒಡೆಯಬಹುದು. ಬಲವಾದ ಏಟಿಗೆ ಒಳಗಿನ ಗ್ರಿಡ್ ಮತ್ತು ಅದನ್ನು ಹಿಡಿದಿಡುವ ಮೈಕಾ ಹಾಳೆ ಸಡಿಲವಾಗಬಹುದು. ಆಗ ಟ್ಯೂಬನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿದರೆ ಸ್ಪೀಕರಿನಲ್ಲಿ ‘ಟಿಂಗ್’ ಎನ್ನುತ್ತದೆ. ಬುರುಡೆಯ ಒಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಹೊಕ್ಕಿದೆ ಎಂದರ್ಥ. ಆ ಟ್ಯೂಬ್ ಬದಲಿಸಲೇಬೇಕು.

ಕಳಚುವುದರಲ್ಲೂ ಅಪಾಯವಿದೆ

ಪದೇ ಪದೇ ಕಿತ್ತು ಹಾಕಿದರೆ ಪಿನ್‌ಗಳು ಬಾಗುತ್ತವೆ, ಸಾಕೆಟ್ ಸಡಿಲವಾಗುತ್ತದೆ. ಬಿಸಿ ಟ್ಯೂಬ್ ಮುಟ್ಟಿದರೆ ಕೈ ಸುಡುತ್ತದೆ. ಆಂಪ್ಲಿಫೈಯರ್‌ನ ಸರ್ಕ್ಯೂಟ್ ಇರುವ ಲೋಹದ ಪೆಟ್ಟಿಗೆಯನ್ನಂತೂ ತೆರೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು; ಅದು ಜೀವ ತೆಗೆಯಬಲ್ಲದು.

ಹಾಗಾದರೆ ಏನು ಮಾಡಬೇಕು?

• ಆಫ್ ಮಾಡಿದ ತಕ್ಷಣ ಎತ್ತಬೇಡಿ. ಬಿಸಿಯಾಗಿರುವಾಗ ಒಳಗಿನ ಭಾಗಗಳು ಏಟು ತಡೆಯುವುದು ಕಡಿಮೆ. 15–20 ನಿಮಿಷ ಆರಲು ಬಿಡಿ.
• ಟ್ಯೂಬ್ ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್‌ಗಳು ಸರಿಯಾಗಿ ಕೂತಿವೆಯೇ ನೋಡಿ.
• ಡಿಕ್ಕಿಗಿಂತ ಸೀಟು ಮೇಲು. ಕೆಳಗೆ ಮೆತ್ತನೆಯ ಹೊದಿಕೆ ಹಾಸಿ, ಉರುಳದಂತೆ ಬೆಲ್ಟ್ ಹಾಕಿ.
• ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದರೆ ತೇವ ಆರಿದ ಮೇಲಷ್ಟೇ ಆನ್ ಮಾಡಿ.
• ಕೊರಿಯರ್‌ನಲ್ಲಿ ಕಳುಹಿಸುವಾಗ ಮಾತ್ರ ದೊಡ್ಡ ಪವರ್ ಟ್ಯೂಬ್‌ಗಳನ್ನು ಕಳಚಿ, ಯಾವುದು ಎಲ್ಲಿತ್ತೆಂದು ಗುರುತು ಹಾಕಿ, ಬೇರೆಯಾಗಿ ಸುತ್ತಿಡುವುದು ಒಳ್ಳೆಯದು.

ಒಟ್ಟಿನಲ್ಲಿ, ನೀವೇ ಜೋಪಾನವಾಗಿ ಒಯ್ಯುವುದಾದರೆ ಟ್ಯೂಬ್‌ಗಳು ತಮ್ಮ ಸಾಕೆಟ್‌ನಲ್ಲೇ ಇರಲಿ.